ನೂರರಿಂದ ಏಳೇಳು ಕಳೆಯುತ್ತಾ...

ಇದನ್ನು ಬಸ್ಸಿನಲ್ಲಿ ನಿಂತುಕೊಂಡು ಓದಬೇಡಿ... ಮನೆಗೆ ಹೋಗಿ, ಮನೆಯವರು ಪಕ್ಕದಲ್ಲಿರುವಾಗ ಓದಿ.

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ತಿಪ್ಪೇರುದ್ರಪ್ಪ ಮೇಷ್ಟ್ರು ಅಂತ ಇದ್ದಾರೆ. ಮೂವತ್ತಾರು ವರ್ಷ ಗಣಿತ ಪಾಠ ಮಾಡಿ ರಿಟೈರ್ ಆದವರು.

ಯಾರಿಗೆ ಬುದ್ಧಿ ಇದೆ, ಯಾರಿಗೆ ಇಲ್ಲ ಎಂದು ತಿಳಿಯಲು ಅವರ ಹತ್ತಿರ ಇದ್ದದ್ದು ಒಂದೇ ಪರೀಕ್ಷೆ... "ನೂರರಿಂದ ಏಳೇಳು ಕಳೀತಾ ಬಾ, ನೋಡಾನ."

ತಡವರಿಸಿದವನು ದಡ್ಡ. ಆ ತೀರ್ಪಿಗೆ ಅಪೀಲು ಇರಲಿಲ್ಲ.

ಆರನೇ ಕ್ಲಾಸಿನಲ್ಲಿ ನಾನು ಎಂಬತ್ತಾರಕ್ಕೆ ಬಂದು ನಿಂತೆ. ಶಾಲೆ ಬಿಡುವವರೆಗೂ ನನ್ನನ್ನು 'ಎಂಬತ್ತಾರು' ಅಂತಲೇ ಕರೆದರು. ಈಗ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದೇನೆ... ಅವರ ಮನೆಯ ಮಿಕ್ಸಿ ಕೆಟ್ಟರೂ ಈ ಎಂಬತ್ತಾರರ ಹತ್ತಿರವೇ ಬರಬೇಕು.

ಅವರ ಹೆಂಡತಿ ಹಾಲಮ್ಮನವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮದುವೆಯಾದ ವಾರದಲ್ಲೇ ಅವರಿಗೂ ಈ ಪರೀಕ್ಷೆ ನಡೆಯಿತಂತೆ. "ತೊಂಬತ್ತಮೂರು" ಎಂದವರು, ಆಮೇಲೆ ಸುಮ್ಮನೆ ನೆಲ ನೋಡಿದರಂತೆ.

ಅಲ್ಲಿಂದ ನಲವತ್ತೇಳು ವರ್ಷ ಆ ಮನೆಯಲ್ಲಿ ಅವರಿಗೆ ಒಂದೇ ಹೆಸರು... "ಲೇ ದಡ್ಡಿ." ನೆಂಟರ ಮುಂದೆಯೂ ಅದೇ.

ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಮರೆವು ಶುರುವಾಯಿತು. ಒಂದು ದಿನ ಪೇಪರ್ ತರಲು ಹೋದವರು ಶಾಲೆಯ ಗೇಟಿನ ಹತ್ತಿರ ಬೆಲ್ ಹೊಡೆಯಲಿ ಎಂದು ಕಾಯುತ್ತಾ ನಿಂತಿದ್ದರು. ಅವತ್ತು ಭಾನುವಾರ.

ದಾವಣಗೆರೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಹಾಲಮ್ಮನವರೂ ಬಂದಿದ್ದರು.

ಡಾಕ್ಟರು ಒಂದು ಹಾಳೆ ಇಟ್ಟುಕೊಂಡು ಮೂವತ್ತು ಮಾರ್ಕ್ಸಿನ ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ, ಇದು ಯಾವ ಊರು... ಮರ, ಬೀಗ, ಎಮ್ಮೆ, ಈ ಮೂರನ್ನು ನೆನಪಿಟ್ಟುಕೊಂಡು ಆಮೇಲೆ ಹೇಳಿ...

ಕೊನೆಗೆ, "ನೂರರಿಂದ ಏಳೇಳು ಕಳೀತಾ ಹೋಗಿ ಸಾರ್."

ಮೇಷ್ಟ್ರು "ತೊಂಬತ್ತಮೂರು" ಎಂದರು. ಆಮೇಲೆ ಸುಮ್ಮನೆ ನೆಲ ನೋಡಿದರು.

ಮೂವತ್ತಕ್ಕೆ ಹದಿನಾರು ಬಂತು. "ಮಾತ್ರೆ ಕೊಡ್ತೀನಿ. ಆರು ತಿಂಗಳು ಬಿಟ್ಟು ಇದೇ ಟೆಸ್ಟ್ ಮಾಡೋಣ. ಮಾರ್ಕ್ಸ್ ಇನ್ನೂ ಇಳೀದೇ ಇದ್ರೆ ಒಳ್ಳೇದು" ಎಂದರು ಡಾಕ್ಟರು.

ಹಾಲಮ್ಮನವರು ಮೇಷ್ಟ್ರ ಮನೆಯಲ್ಲಿ ಬಾಳಿದವರು. ಮಾರ್ಕ್ಸ್ ಏರಿದರೆ ಗಂಡ ಮೊದಲಿನಂತಾಗುತ್ತಾರೆ ಎಂದೇ ನಂಬಿಬಿಟ್ಟರು.

ಮರುದಿನ ಅಂಗಡಿಗೆ ಬಂದರು. "ಅಪ್ಪಾ, ಡಾಕ್ಟ್ರು ಕೇಳಿದ್ದೆಲ್ಲಾ ಒಂದ್ ಹಾಳೆ ಮೇಲೆ ಬರ್ಕೊಡು. ನಾನು ಓದುಸ್ತೀನಿ."

ಬರೆದುಕೊಟ್ಟೆ. ನನಗೂ ಅಷ್ಟೇ ಬುದ್ಧಿ... ಎಂಬತ್ತಾರು ತಾನೇ.

ಹೇಳಿಕೊಡಬೇಕಾದರೆ ತಾನು ಮೊದಲು ಕಲಿಯಬೇಕಲ್ಲ? ಅರವತ್ತೇಳನೇ ವಯಸ್ಸಿನಲ್ಲಿ ಆ ತಾಯಿ ನೂರು ಹುಣಸೆ ಬೀಜ ಎಣಿಸಿ ಮುಂದಿಟ್ಟುಕೊಂಡು, ಏಳೇಳು ಆಚೆ ಸರಿಸುತ್ತಾ ಕೂತರು. ಎರಡು ವಾರದಲ್ಲಿ ಬೀಜ ಮುಟ್ಟದೆ ನೂರರಿಂದ ಎರಡರ ತನಕ ಇಳಿಯುವುದನ್ನು ಕಲಿತರು.

ಅವರು ಯಾವತ್ತೂ ದಡ್ಡಿ ಆಗಿರಲೇ ಇಲ್ಲ... ಬೀಜ ಮುಂದಿಟ್ಟು ಪಕ್ಕದಲ್ಲಿ ಕೂತು ಹೇಳಿಕೊಡುವವರು ಇರಲಿಲ್ಲ, ಅಷ್ಟೇ.

ಆಮೇಲೆ ದಿನಾ ತಿಂಡಿ ಆದ ಮೇಲೆ ಮೇಷ್ಟ್ರಿಗೆ ಪಾಠ. ತಪ್ಪಿದರೆ ಬೈಗುಳವಿಲ್ಲ. "ಇರ್ಲಿ ಬಿಡಿ, ಇನ್ನೊಂದ್ ಸಲ ಹೇಳಿ" ಎನ್ನುತ್ತಿದ್ದರು. ತಮಗೆ ಜ್ವರ ಬಂದ ದಿನವೂ ಪಾಠ ತಪ್ಪಿಸಲಿಲ್ಲ.

ಆರು ತಿಂಗಳಾಯಿತು... ಮತ್ತೆ ಅದೇ ಡಾಕ್ಟರು, ಅದೇ ಹಾಳೆ.

ಮೇಷ್ಟ್ರು ಕೈ ಕಟ್ಟಿಕೊಂಡು ಪಟಪಟನೆ ಹೇಳಿದರು. ವಾರ, ಊರು, ಮರ, ಬೀಗ, ಎಮ್ಮೆ... ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು...

ಮೂವತ್ತಕ್ಕೆ ಇಪ್ಪತ್ತಾರು. ಹಾಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರಿಗೆ ಮಾತ್ರ ಏನೋ ಅನುಮಾನ. ಹಾಳೆ ಪಕ್ಕಕ್ಕಿಟ್ಟು, ಹಾಲಮ್ಮನವರನ್ನು ತೋರಿಸಿ ಕೇಳಿದರು... "ಇವರು ಯಾರು ಸಾರ್?"

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. "ನಮ್ ಟೀಚರ್ರು. ಭಾಳ ಒಳ್ಳೇರು... ಬೈಯಲ್ಲ, ಹೊಡಿಯಲ್ಲ."

ಹಾಲಮ್ಮನವರ ಸೆರಗು ಕೈಯಲ್ಲೇ ಉಳಿಯಿತು.

"ಮತ್ತೆ ನಿಮ್ಮ ಮನೆಯವರು ಎಲ್ಲಿ?"

"ಅವಳು ಹೋಗ್ಬಿಟ್ಲು. ದಡ್ಡಿ ದಡ್ಡಿ ಅಂತ ಬೈತಿದ್ದೆ... ಬೇಜಾರಾಗಿ ಹೋಗ್ಬಿಟ್ಲು."

ಹಾಲಮ್ಮನವರ ಕಡೆಗೇ ತಿರುಗಿ ಕೈಮುಗಿದರು. "ನಿಮ್ಗೆಲ್ಲಾದ್ರೂ ಸಿಕ್ಕಿದ್ರೆ ಹೇಳಿ ಟೀಚರ್... ನಂದು ತಪ್ಪಾಯ್ತು, ಇನ್ಮೇಲೆ ಬೈಯಲ್ಲ, ಮನೆಗೆ ಬಾ ಅಂತ."

ನಲವತ್ತೇಳು ವರ್ಷ ಕಾದ ಮಾತು... ಬಂತು. ಬಂದದ್ದು ಹೆಂಡತಿಗಲ್ಲ, ಟೀಚರಿಗೆ.

"ಹೇಳ್ತೀನಿ" ಎಂದರು ಹಾಲಮ್ಮನವರು.

ವಾಪಸ್ ಬರುವಾಗ ಕಾರಿನಲ್ಲಿ ಹಾಲಮ್ಮನವರು ನನ್ನ ಪಕ್ಕ ಕೂತಿದ್ದರು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.

ಜಗಳೂರು ದಾಟಿದ ಮೇಲೆ ಹಾಲಮ್ಮನವರು ಮೆಲ್ಲಗೆ ಹೇಳಿದರು... "ಬೀಗ, ಎಮ್ಮೆ ಎಲ್ಲಾ ಹೇಳ್ಕೊಟ್ಟೆ ಕಣಪ್ಪ. ನಾನ್ಯಾರು ಅನ್ನೋದು ಆ ಹಾಳೆನಾಗೆ ಇರ್ಲಿಲ್ಲ... ಅದಕ್ಕೆ ಹೇಳ್ಕೊಡ್ಲಿಲ್ಲ."

ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ. ಆ ಹಾಳೆ ಬರೆದುಕೊಟ್ಟವನು ನಾನೇ ಅಲ್ಲವೇ?

ಈಗ ಅವರ ಮನೆಯಲ್ಲಿ ಮಾರ್ಕ್ಸಿನ ಮಾತಿಲ್ಲ. ಪಾಠ ಮಾತ್ರ ನಿಂತಿಲ್ಲ... ಹಾಲಮ್ಮನವರು ಒಂದು ಪ್ರಶ್ನೆ ಸೇರಿಸಿದ್ದಾರೆ. "ನಿಮ್ಮ ಹೆಂಡ್ತಿ ಹೆಸರೇನು?"

"ಹಾಲಮ್ಮ" ಎಂದು ಮೇಷ್ಟ್ರು ದಿನಾ ಸರಿಯಾಗಿಯೇ ಹೇಳುತ್ತಾರೆ.

ಹೇಳಿ, ಬಾಗಿಲ ಕಡೆ ನೋಡುತ್ತಾರೆ... ಬಂದಳೇನೋ ಎಂದು.

*

ಬುದ್ಧಿ ಯಾರ ಹತ್ತಿರವೂ ಕೊನೆತನಕ ಇರುವುದಿಲ್ಲ... ಇರುವಾಗಲೇ 'ತಪ್ಪಾಯ್ತು' ಎಂದುಬಿಡಿ.

ನಿಮ್ಮ ಮನೆಯಲ್ಲಿ ನೀವು 'ದಡ್ಡ', 'ದಡ್ಡಿ' ಎಂದು ಕರೆಯುವವರು ಈಗ ಯಾವ ಕೋಣೆಯಲ್ಲಿದ್ದಾರೆ?