ಪರದೆಯಲ್ಲಿ ದೋಷವಿಲ್ಲ

ಮೂಲೆಯ ಗಡಿಯಾರದ ಅಂಕಿಗಳನ್ನು ಬಿಟ್ಟು ಇಡೀ ಮಾನಿಟರ್ ಮತ್ತೆ ಕಪ್ಪಾಯಿತು, ಮತ್ತೆ ಬೆಳಗಿತು. ರಿಪೇರಿಯಾಕೆ ಮೇಜಿನ ಕೆಳಗೆ ಮಂಡಿಯೂರಿ ಕೇಬಲ್ಲಿನ ತಿರುಪು ಬಿಗಿ ಮಾಡುತ್ತಿದ್ದಳು. ಇಬ್ಬರು ನಿಂತರೆ ಮೂರನೆಯವರಿಗೆ ಉಸಿರು ಸಾಲದ, ಕಿಟಕಿಯಿಲ್ಲದ ಕಾವಲು ಕೋಣೆ ಅದು. ಐಸ್‌ಕ್ರೀಮ್ ಗೋದಾಮಿನ ಮ್ಯಾನೇಜರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

“ಗಿರಾಕಿಗಳು ಇನ್ನೇನು ಬರ್ತಾರೆ. ಮೊದಲು ನೋಡೋದೇ ಈ ಪರದೆ. ಸರಿಯಾಗೋವರೆಗೆ ನೀವಿಬ್ರೂ ಇಲ್ಲಿಂದ ಕದಲೋ ಹಾಗಿಲ್ಲ.” ಆಮೇಲೆ ಕಾವಲುಗಾರನತ್ತ ತಿರುಗಿದರು. “ನೀನು ಕೂತ ಮೇಲೇ ಕೆಟ್ಟಿದ್ದು ತಾನೆ? ಸರಿಹೋಗದಿದ್ರೆ ನಾಳೆಯಿಂದ ಮನೇಲೇ ಕೂತ್ಕೋ.”

ಅವರ ಫೋನ್ ಬಡಿದುಕೊಂಡಿತು. ಮಾತಾಡುತ್ತ ಹೊರಗೆ ಹೋದರು.

ಕಾವಲುಗಾರ ಮೇಜಿನ ಕೆಳಗೆ ಬಗ್ಗಿದ. “ಅಕ್ಕಾ, ಹೇಗಾದ್ರೂ ಮಾಡಿ ನನ್ನ ಉಳಿಸಿ. ನಾನು ಬೆಳಿಗ್ಗೆ ಬಂದಾಗ್ಲೇ ಕುರ್ಚಿ ಖಾಲಿ. ರಾತ್ರಿ ಪಾಳಿಯ ಮಹಾರಾಯ ಹೇಳದೆ ಕೇಳದೆ ಪರಾರಿ.”

“ಅದನ್ನೇ ಅವರಿಗೂ ಹೇಳಿ.”

“ಹೇಗೆ ಹೇಳ್ಲಿ? ಅವನು ನನ್ನ ಭಾವಮೈದ. ಕೆಲಸ ಕೊಡಿಸಿದ್ದೂ ನಾನೇ. ಸರಿಯಾಗಿ ಡ್ಯೂಟಿ ಒಪ್ಪಿಸಿ ಹೋದ ಅಂತ ಸುಳ್ಳು ಹೇಳಿದೀನಿ. ಇಲ್ಲಾಂದ್ರೆ ಸಂಜೆ ಹೆಂಡತಿಗೆ ಯಾವ ಮುಖ ತೋರಿಸ್ಲಿ? ಫೋನ್ ಮಾಡಿದ್ರೆ ಸಂಪರ್ಕಕ್ಕೇ ಸಿಗ್ತಿಲ್ಲ. ಎಲ್ಲೋ ಬೆಚ್ಚಗೆ ಹೊದ್ದು ಗೊರಕೆ ಹೊಡೀತಿರ್ತಾನೆ.”

ಅತ್ತ ದರಿ, ಇತ್ತ ಪುಲಿ. ಅವಳಿಗೆ ಅಯ್ಯೋ ಅನ್ನಿಸಿತು.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವಳ ಪದ್ಧತಿ. ವಿದ್ಯುತ್ತಿನ ವೈರು ಬದಲಿಸಿದಳು, ಮಿಣುಕಿತು. ಕೇಬಲ್ ಬದಲಿಸಿದಳು, ಮಿಣುಕಿತು. ಮಾನಿಟರಿಗೆ ತನ್ನ ಲ್ಯಾಪ್‌ಟಾಪನ್ನೇ ಜೋಡಿಸಿದಳು. ಚಿತ್ರ ನಿಂತ ನೀರಿನಂತೆ ನಿಂತಿತು. ಮೊದಲಿನ ಕೇಬಲ್ಲಿಗೇ ಮರಳಿದರೆ ಮತ್ತದೇ ಕಪ್ಪು, ಮತ್ತದೇ ಬೆಳಕು. ಅದಕ್ಕೊಂದು ಲಯವೂ ಇರಲಿಲ್ಲ. ಸ್ವಲ್ಪ ಹೊತ್ತು ಪಟಪಟನೆ, ಆಮೇಲೆ ದೀರ್ಘ ವಿರಾಮ. ವಿರಾಮಗಳು ಬರಬರುತ್ತಾ ಉದ್ದವಾಗುತ್ತಿದ್ದವು.

“ಪರದೆ ಗಟ್ಟಿಮುಟ್ಟಾಗಿದೆ,” ಎಂದಳು, ಮ್ಯಾನೇಜರು ಮರಳಿದಾಗ. “ಇದು ಯಾವ ಕ್ಯಾಮೆರಾ?”

“ಫ್ರೀಜರ್ ಕೋಣೇದು. ಬಾಗಿಲ ಮೇಲಿದೆ, ಪೆಟ್ಟಿಗೆಗಳ ಕಡೆ ಮುಖ.”

“ಅದನ್ನೊಂದ್ಸಲ ನೋಡ್ಬೇಕು.”

“ಆಗಲ್ಲ. ಬಾಗಿಲು ತೆಗೆದ್ರೆ ಬಿಸಿಗಾಳಿ ನುಗ್ಗತ್ತೆ. ಗಿರಾಕಿಗಳು ಬಂದಾಗ್ಲೇ ತೆಗೆಯೋದು.”

ಅಷ್ಟರಲ್ಲಿ ಮಿಣುಕು ನಿಂತಿತು. ಹಿಮ ಕಟ್ಟಿದ ಪೆಟ್ಟಿಗೆಗಳ ಸಾಲು ಪರದೆಯ ಮೇಲೆ ಅಲುಗದೆ ನಿಂತಿತು. ಮೂವರೂ ಕಾದರು. ಏನೂ ಆಗಲಿಲ್ಲ.

“ನೋಡಿ, ತಾನೇ ಸರಿಹೋಯ್ತು,” ಮ್ಯಾನೇಜರ ಹುಬ್ಬು ಸಡಿಲವಾಯಿತು. “ನೀವಿನ್ನು ಹೊರಡಬಹುದು.” ಕಾವಲುಗಾರ ಹೋದ ಜೀವ ಬಂದವನಂತೆ ಕುರ್ಚಿಗೆ ಒರಗಿದ.

ಅವಳು ಚೀಲ ಹೆಗಲಿಗೇರಿಸಿದಳು. ಕಾಲು ಏಳಲಿಲ್ಲ. ಕಾರಣವಿಲ್ಲದೆ ಬರುವ ದೋಷವನ್ನು ಅವಳು ಈವರೆಗೆ ಕಂಡಿರಲಿಲ್ಲ. ಕಾರಣವಿಲ್ಲದೆ ಹೋಗುವುದನ್ನೂ ಕಂಡಿರಲಿಲ್ಲ. ಚಿತ್ರ ಕಪ್ಪಾದಾಗಲೂ ಗಡಿಯಾರದ ಅಂಕಿಗಳು ಒಮ್ಮೆಯಾದರೂ ಆರಿದ್ದವೇ? ಇಲ್ಲ. ಹಾಗಾದರೆ ವೈರು ಸರಿ, ಕ್ಯಾಮೆರಾವೂ ಸರಿ. ಬೆಳಗಿನಿಂದ ಎಲ್ಲರೂ ಪರದೆಯನ್ನು ನೋಡಿದ್ದರು. ಅದು ತೋರಿಸುತ್ತಿದ್ದುದನ್ನು ಯಾರೂ ನೋಡಿರಲಿಲ್ಲ.

“ಆ ಕೋಣೆಯ ದೀಪದ ಸ್ವಿಚ್ ಎಲ್ಲಿದೆ?”

“ಒಳಗಡೆ, ಬಾಗಿಲ ಪಕ್ಕದಲ್ಲಿ. ಯಾಕೆ?” ಎಂದರು ಮ್ಯಾನೇಜರು.

“ಈಗ ಒಳಗೆ ಯಾರಿದ್ದಾರೆ?”

“ಯಾರಿರ್ತಾರೆ ಅಕ್ಕಾ?” ಕಾವಲುಗಾರ ನಕ್ಕ. “ನಮ್ಮ ಪುಣ್ಯಾತ್ಮ ಚಿಲಕ ಹಾಕೋದನ್ನೂ ಮರೆತು ಹೋಗಿದ್ದ. ಬೆಳಿಗ್ಗೆ ಬಂದವನೇ ನಾನೇ ಹೊರಗಿಂದ ಚಿಲಕ...”