ಸ್ಟಾರ್ಟ್ ಆಗದ ಚನ್ನವೀರಪ್ಪನವರ ಕಾರು

ಧಾರವಾಡದ ಚನ್ನವೀರಪ್ಪನವರು ಒಮ್ಮೆ ಒಂದು ತೊಟ್ಟು ಪೆಟ್ರೋಲ್ ಇಲ್ಲದೆ, ಬರೀ ಕಾರನ್ನು ಮಾತಾಡಿಸುತ್ತಲೇ ಗೋವಾಕ್ಕೆ ಹೋಗಿ ಬಂದಿದ್ದರು!

ದಾರಿಯಲ್ಲಿ ಹನ್ನೆರಡು ಲಾರಿಗಳನ್ನು ಓವರ್‌ಟೇಕ್ ಬೇರೆ ಮಾಡಿದ್ದರು...

ಹೀಗೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಅವರ ಅಕ್ಕನ ಮಗ ಶಿವಯೋಗಿ. ಯಾರಾದರೂ ನಕ್ಕರೆ, "ಹಿಂದಿನ ಸೀಟಿನ್ಯಾಗ ನಾ ಕುಂತಿದ್ದೆ. ನೀವು ಕುಂತಿದ್ರೇನ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹೆಸರಿಗೆ ಸೋದರಮಾವ... ವಯಸ್ಸಿನಲ್ಲಿ ಐದೇ ವರ್ಷ ದೊಡ್ಡವರು. ಇಬ್ಬರೂ ಒಬ್ಬರನ್ನೊಬ್ಬರು ದೋಸ್ತ ಎಂದೇ ಕರೆಯುತ್ತಿದ್ದರು.

ಕಾರು ಎಂದರೆ ಚನ್ನವೀರಪ್ಪನವರಿಗೆ ಜೀವ. ಮಳೆ ಬಂದರೆ ತಾವು ನೆನೆಯುತ್ತಾ ಕಾರಿಗೆ ಕೊಡೆ ಹಿಡಿಯುವ ಮನುಷ್ಯ!

ಅವರು ತೀರಿಕೊಂಡು ಆ ಭಾನುವಾರಕ್ಕೆ ಒಂದು ವರ್ಷ.

ಅವರಂತೆಯೇ ಹಳೇ ಕಾರು ಸಾಕಿಕೊಂಡಿದ್ದ ಗೆಳೆಯರೆಲ್ಲ ಸೇರಿ ಒಂದು ಏರ್ಪಾಡು ಮಾಡಿದ್ದರು. ಹತ್ತು ಗಂಟೆಗೆ ಎಲ್ಲ ಕಾರುಗಳೂ ಸಾಲಾಗಿ ಕೆಲಗೇರಿ ಕೆರೆಯವರೆಗೆ ಹೋಗುವುದು. ಎಲ್ಲಕ್ಕೂ ಮುಂದೆ ಚನ್ನವೀರಪ್ಪನವರ ಕಾರು... ಅದರ ಮುಂದಿನ ಸೀಟಿನಲ್ಲಿ ಅವರ ಹೆಂಡತಿ ನೀಲಮ್ಮ.

ಒಂದು ವರ್ಷದಿಂದ ನೀಲಮ್ಮ ಆ ಸೀಟಿನಲ್ಲಿ ಕೂತಿರಲಿಲ್ಲ. ಇನ್ನೊಮ್ಮೆ ಕೂತು, ಆ ಇಂಜಿನ್ನಿನ ಸದ್ದು ಕೇಳಬೇಕು... ಅದೊಂದೇ ಅವರ ಆಸೆ.

"ಗಾಡಿ ರೆಡಿ ಮಾಡೂದು ನಂಗ ಬಿಡ್ರಿ ಅತ್ತಿ. ಮಾಮಾ ತಮ್ಮ ವಿದ್ಯಾ ಎಲ್ಲಾ ನನಗೊಬ್ಬಗ ಕಲಿಸ್ಯಾರ. ಮೆಕ್ಯಾನಿಕ್ ಗಿಕ್ಯಾನಿಕ್ ಏನೂ ಬ್ಯಾಡ," ಎಂದಿದ್ದ ಶಿವಯೋಗಿ.

ಬೆಳಿಗ್ಗೆ ಏಳಕ್ಕೆ ಬಾನೆಟ್ ಎತ್ತಿದ. ಹೊಸ ಬ್ಯಾಟರಿ ಕೂರಿಸಿದ. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದ. ಕೀ ತಿರುಗಿಸಿದ.

ಕರ್ರ್... ಕರ್ರ್... ಕರ್ರ್...

ಅಷ್ಟೇ. ಇಂಜಿನ್ ಹೊತ್ತಿಕೊಳ್ಳಲೇ ಇಲ್ಲ.

ನೀಲಮ್ಮ ಪಡಸಾಲೆಯಿಂದ ಇಳಿದು ಬಂದರು. "ಅಲ್ಲೋ ಶಿವಯೋಗಿ, ಅದು..."

"ಅತ್ತಿ, ಇದು ಇಂಜಿನ್ ವಿಷಯ. ನೀವು ಒಳಗ ನಡೀರಿ."

ಎಂಟು ಗಂಟೆ... ಪ್ಲಗ್ ಬಿಚ್ಚಿ ಉಜ್ಜಿದ. ಕರ್ರ್... ಕರ್ರ್...

ನೀಲಮ್ಮ ಮತ್ತೆ ಬಂದರು. "ಒಂದು ಮಾತು ಕೇಳ್ತೀಯೇನಪಾ..."

"ಚಾ ಮಾಡ್ರಿ ಅತ್ತಿ. ಐದು ನಿಮಿಷದಾಗ ಗುರ್ ಅಂತೈತಿ."

ಒಂಬತ್ತಾಯಿತು... ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮೊಣಕೈವರೆಗೆ ಎಣ್ಣೆಯ ಜಿಡ್ಡು. ಚಕ್ರದ ಕೆಳಗೆ ನೀಲಮ್ಮ ಇಟ್ಟಿದ್ದ ನಿಂಬೆಹಣ್ಣುಗಳು ಬಿಸಿಲಿಗೆ ಬಾಡತೊಡಗಿದ್ದವು. ಮೂರನೆಯ ಸಲ ನೀಲಮ್ಮ ಬಾಯಿ ತೆರೆಯುವುದರೊಳಗೆ ಅವನು ಸಿಡಿದೇಬಿಟ್ಟ.

"ನಿಮಗೇನು ಗೊತ್ತೈತ್ರಿ ಅತ್ತಿ ಗಾಡೀದು? ಸುಮ್ಮನ ತಲಿ ತಿನ್ನಬ್ಯಾಡ್ರಿ!"

ನೀಲಮ್ಮ ತುಟಿ ಬಿಗಿದು ಒಳಗೆ ಹೋದರು.

ಹತ್ತಕ್ಕೆ ಹಾರ್ನ್ ಹೊಡೆಯುತ್ತ ಗೆಳೆಯರ ಕಾರುಗಳು ಬಂದವು. ಎಲ್ಲರಿಗಿಂತ ಹಿರಿಯರಾದ ರಜಾಕಸಾಬರು ಇಳಿದು ಬಂದು ಬಾನೆಟ್ ಒಳಗೆ ಇಣುಕಿದರು.

"ಏನೋ, ಗೋವಾಕ್ಕ ಮಾತಿನ ಮ್ಯಾಲೆ ಹೋದ ಗಾಡಿ ಅಲ್ಲೇನಿದು? ಇವತ್ತೂ ಸ್ವಲ್ಪ ಮಾತಾಡಿಸಪಾ!"

ಎಲ್ಲರೂ ಗೊಳ್ಳೆಂದು ನಕ್ಕರು. ಶಿವಯೋಗಿ ಸಿಟ್ಟಿಗೆ ಟೈರಿಗೆ ಒದ್ದ. ಹೆಬ್ಬೆರಳು ನೊಂದಿದ್ದೇ ಲಾಭ...

"ಹೋಗ್ಲಿ ಬಿಡು. ನನ್ನ ಗಾಡಿಗೆ ಹಗ್ಗ ಕಟ್ಟಿ ಎಳಕೊಂಡು ಹೋಗೂಣು," ಎಂದರು ರಜಾಕಸಾಬರು.

ಒಳಗಿನಿಂದ ನೀಲಮ್ಮನ ದನಿ ಬಂತು. "ಅವರ ಗಾಡಿ ಹಗ್ಗದ ಮ್ಯಾಲೆ ಹೋಗೂದಿಲ್ಲ."

ಅವರು ಹೊರಗೆ ಬಂದರು. ಯಾರನ್ನೂ ಕೇಳಲಿಲ್ಲ. ಎಡಗಡೆಯ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು. ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿದರು.

ಟಕ್!

"ಈಗ ತಿರುಗಸು."

ಶಿವಯೋಗಿ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಒಂದೇ ಸಲಕ್ಕೆ ಇಂಜಿನ್ ಶುರುವಾಯಿತು!

ನೀಲಮ್ಮ ಕಣ್ಣು ಮುಚ್ಚಿ ಆ ಸದ್ದನ್ನು ಕೇಳುತ್ತ ಕೂತರು. ಕೆನ್ನೆಯ ಮೇಲೆ ನೀರು ಇಳಿಯಿತು...

ಆಮೇಲೆ ಮೆಲ್ಲಗೆ ಹೇಳಿದರು. "ಓಣ್ಯಾಗ ಒಂದು ಗಾಡಿ ಕಳುವಾದ ಮ್ಯಾಲೆ ಅವರು ಇಲ್ಲೊಂದು ಗುಪ್ತ ಸ್ವಿಚ್ ಹಾಕಿಸಿದ್ರು. ಅದನ್ನ ಹಾಕಲಿಲ್ಲಂದ್ರ ಗಾಡಿ ಶುರುವಾಗೂದಿಲ್ಲ. ಮೂರು ಸಲ ಹೇಳಾಕ ಬಂದೆ... ನಿನಗ ತೋರಿಸಿದ್ದಿಲ್ಲೇನು?"

ಕಿಟಕಿಯಲ್ಲಿ ರಜಾಕಸಾಬರು, ಅವರ ಹಿಂದೆ ಉಳಿದವರು. ಎಲ್ಲರ ಕಣ್ಣೂ ಶಿವಯೋಗಿಯ ಮೇಲೆ.

"ತೋರಿಸಿದ್ರು ಅತ್ತಿ... ನಾನ ಮರತಿದ್ದೆ."

"ಮರೀಬೇಕಂದ್ರ ಮೊದಲ ನೋಡಿರಬೇಕಲ್ಲೋ ತಮ್ಮಾ? ಅವರು ಹೋಗೂದಕ್ಕ ಮುಂಚಿನ ಕಡೀ ಭಾನುವಾರ ಸಂಜೀತನಕ ನಿನ್ನ ದಾರಿ ನೋಡಿದ್ರು. ನೀ ಬರಲಿಲ್ಲ ಅಂತ ನನ್ನ ಕರದು ತೋರಿಸಿದ್ರು."

ಅವನ ಹಣೆ ಸ್ಟೇರಿಂಗ್ ಮೇಲೆ ಬಾಗಿತು.

"ಐದು ಭಾನುವಾರ ಫೋನ್ ಮಾಡಿದ್ರು ಅತ್ತಿ... 'ಗಾಡೀದು ಒಂದೆರಡು ಗುಟ್ಟು ಹೇಳೂದೈತಿ, ಬಾರೋ ದೋಸ್ತ' ಅಂತ. ಐದೂ ಸಲ 'ಮುಂದಿನ ವಾರ' ಅಂದೆ. ಕೆಲಸ ಏನೂ ಇದ್ದಿಲ್ಲ... ಮನ್ಯಾಗ ಟಿವಿ ನೋಡಿಕೋತ ಬಿದ್ದಿದ್ದೆ.

"ಅವರು ನನಗ ಏನೂ ಕಲಿಸಿಲ್ಲ. ಕಲಿಸಾಕ ಕರದ್ರು... ನಾ ಹೋಗಲಿಲ್ಲ. ಹೋಗಲಿಲ್ಲ ಅನ್ನೂದನ್ನ ಮುಚ್ಚಾಕ ಈಟೆಲ್ಲಾ ಕಥಿ ಕಟ್ಟಿದೆ ಅತ್ತಿ..."

* * *

ತೀರಿಕೊಂಡವರನ್ನು ಎಷ್ಟು ಹೊಗಳಿದರೂ, ಅವರು ಕಾದು ಕೂತ ಒಂದು ಸಂಜೆಯನ್ನು ವಾಪಸ್ ಕೊಡಲು ಆಗುವುದಿಲ್ಲ.

"ಮುಂದಿನ ವಾರ ಬರ್ತೀನಿ" ಎಂದು ನೀವು ಯಾರಿಗೆ ಹೇಳಿಟ್ಟಿದ್ದೀರಿ?