ಮದಾಮ್ ಝೋರಾಳ ಬಟ್ಟಲು

ತನ್ನ ಜಾಲತಾಣದಿಂದ ಜಾಹೀರಾತುಗಳನ್ನೆಲ್ಲ ಕಿತ್ತುಹಾಕುವ ಬಟನ್ ಮೇಲೆ ಬೆರಳಿಟ್ಟು ಒಗ್ನ್ಯಾನ್ ಪರದೆಯನ್ನು ಹೇಸಿಗೆಯಿಂದ ನೋಡಿದ. ಕಾಫಿ ಚರಟ ನೋಡಿ ಭವಿಷ್ಯ ಹೇಳುವವರ ಬಂಡವಾಳ ಬಯಲು ಮಾಡಲೆಂದೇ ಅವನು ನಡೆಸುತ್ತಿದ್ದ ತಾಣ ಅದು. ಈಗ ಅಲ್ಲಿ ಲೇಖನಕ್ಕೊಂದು ಜಾಹೀರಾತಿನಂತೆ, ಚರಟ ನೋಡಿ ಭವಿಷ್ಯ ಹೇಳುವ ಮದಾಮ್ ಝೋರಾಳೇ ಬಟ್ಟಲು ಹಿಡಿದು ನಗುತ್ತಿದ್ದಳು.

"ಜಾಹೀರಾತು ಆರಿಸಿ ಹಾಕೋ ಈ ಯಂತ್ರ ಎಂಥ ಪೆದ್ದು. ನಾನು ಚರಟ ಚರಟ ಅಂತ ಬೈದ್ರೆ, ಇವನಿಗೆ ಅದೇ ಇಷ್ಟ ಅಂದ್ಕೊಳ್ಳುತ್ತೆ," ಎಂದು ಗೊಣಗಿದ.

ಎದುರಿಗೆ ಅತ್ತೆ ತ್ಸ್ವೆತಾನಾ ಕಾಫಿ ಕುಡಿದು ಮುಗಿಸಿ, ಎಂದಿನಂತೆ ಚರಟದಲ್ಲಿ ಭವಿಷ್ಯ ನೋಡಲು ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿದರು. "ಬಟ್ಟಲು ತೊಳೆಯೋಕೆ ಸೋಮಾರಿತನ. ಅದಕ್ಕೊಂದು ಶಾಸ್ತ್ರ ಬೇರೆ," ಎಂದ ಒಗ್ನ್ಯಾನ್.

"ನಿಮ್ಮ ತಾಣ ದಿನಾ ಓದ್ತೀನಿ, ಅಳಿಯಂದ್ರೇ."

"ಓದಿ ಬುದ್ಧಿ ಬಂತಾ?"

"ಝೋರಾ ಸಿಕ್ಕಿದ್ದೇ ಅಲ್ಲಿ. ನಿನ್ನೆ ಹೋಗಿದ್ದೆ. 'ನಾಳೆ ನಿಮ್ಮಳಿಯ ನನ್ನ ಜಾಹೀರಾತು ಕಿತ್ತುಹಾಕ್ತಾನೆ, ನೋಡ್ತಿರಿ' ಅಂದ್ಳು."

ಒಗ್ನ್ಯಾನನ ಬೆರಳು ಇದ್ದಲ್ಲೇ ನಿಂತಿತು. ಒತ್ತಿದರೆ ಅವಳ ಮಾತು ನಿಜವಾಗುತ್ತದೆ. ಆಮೇಲೆ ಈ ಮನೆಯಲ್ಲಿ ಅವಳ ಬಟ್ಟಲು ಹೇಳಿದ್ದೇ ಕೊನೆಯ ಮಾತು.

ಅತ್ತೆ ಬಟ್ಟಲನ್ನೆತ್ತಿ ಚರಟದೊಳಗೆ ಇಣುಕಿದರು. "ಯಾಕೆ, ತೆಗೆಯಲ್ವಾ?"

"ಇಲ್ಲ," ಎಂದು ಒಗ್ನ್ಯಾನ್ ಕೈ ಹಿಂದೆಳೆದುಕೊಂಡ. "ಆ ಸುಳ್ಳುಬುರುಕಿ ಇಲ್ಲೇ ಬಿದ್ದಿರಲಿ."